ಬೋಟು ದಡದಲ್ಲಿದ್ದಾಗ ಮಾಡಿದ ಎಣಿಕೆ

ಮೀನು ಮಾರುವ ಆ ಹೆಂಗಸು ನನಗೆ ಎಚ್ಚರಿಕೆ ಕೊಟ್ಟದ್ದು ನಾನು ಎಣಿಸುತ್ತಿದ್ದಾಗಲೋ, ಎಣಿಕೆ ಮುಗಿದು ಎರಡು ತಿಂಗಳಾದ ಮೇಲೋ ಎಂಬುದನ್ನು ನೆನಪಿನ ಬಲದಿಂದ ಖಚಿತವಾಗಿ ಹೇಳಲಾರೆ. ಮಾತು ನೆನಪಿದೆ. "ಬೋಟ್ ಇಳೀಲಿ, ಆಗಳ್ ಬಂದ್ ಎಣ್ಸಿ." ಧ್ವನಿಯೂ ನೆನಪಿದೆ. ಹೇಳುವಾಗ ಅವರ ಬಳಿ ಏನಿತ್ತು ಎಂಬಲ್ಲಿಗೆ ಬಂದಾಗ ಮಾತ್ರ ನೆನಪು ಎರಡಾಗಿ ಒಡೆಯುತ್ತದೆ. ಒಮ್ಮೆ ಕೈಯಲ್ಲಿ ಒಣಮೀನಿನ ಚೀಲ ಕಾಣುತ್ತದೆ, ಇನ್ನೊಮ್ಮೆ ತಲೆಯ ಮೇಲೆ ತುಂಬಿದ ಬುಟ್ಟಿ. ಚೀಲವಾದರೆ ಅದು ಮಳೆಗಾಲ, ಬೋಟುಗಳು ಕಡಲಿಗೆ ಇಳಿಯಬಾರದ ತಿಂಗಳುಗಳು, ಅಂದರೆ ನನ್ನ ಎಣಿಕೆಯ ಸಮಯ. ಬುಟ್ಟಿಯಾದರೆ ಎಲ್ಲ ಮುಗಿದ ಮೇಲಿನ ಬೈಗುಳ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಸಾಕ್ಷಿಯಿಲ್ಲದ ನೆನಪನ್ನು ಬೇರೆ ಯಾರಾದರೂ ಮುಂದಿಟ್ಟರೆ ಒಪ್ಪುವುದಿಲ್ಲ. ಹಾಗಿರುವಾಗ ನನ್ನದಕ್ಕೆ ವಿನಾಯಿತಿ ಯಾಕೆ? ಆದ್ದರಿಂದ ಕೆಳಗಿನದನ್ನು ಓದುವವರು ನನ್ನ ಮೇಲೂ ಒಂದು ಕಣ್ಣಿಟ್ಟೇ ಓದಬೇಕು.

ಆ ವರ್ಷ ನಾನು ಬ್ರಹ್ಮಾವರದ ಒಂದು ಸಣ್ಣ ಸರ್ವೆ ಕಚೇರಿಯಲ್ಲಿ ಗುತ್ತಿಗೆಯ ಮೇಲಿದ್ದೆ. ರಸ್ತೆ ಬದಿಯಲ್ಲಿ ಕುಳಿತು ವಾಹನಗಳನ್ನೂ ಜನರನ್ನೂ ಎಣಿಸುವುದು, ವರದಿ ಬರೆಯುವುದು ಕೆಲಸ. ಕುಂದಾಪುರ ದಾಟಿ ಬೈಂದೂರಿನ ಕಡೆ ಹೋಗುವಾಗ ಒಂದು ಸಣ್ಣ ಪೇಟೆ ಸಿಗುತ್ತದೆ. ಹೆಸರು ಬೇಡ, ಅಲ್ಲಿಯವರಿಗೆ ಓದಿದ ಕೂಡಲೇ ತಿಳಿಯುತ್ತದೆ. ಪಡುಬದಿಯಲ್ಲಿ ಕಡಲು, ಮೀನುಗಾರರ ಮನೆಗಳು. ಮೂಡುಬದಿಯಲ್ಲಿ ಶಾಲೆ, ಬ್ಯಾಂಕು, ಕುಂದಾಪುರಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಜಾಗ. ನಡುವೆ ಚತುಷ್ಪಥ ಹೆದ್ದಾರಿ, ಅದರ ಡಿವೈಡರಿನಲ್ಲಿ ಒಂದು ಓಪನಿಂಗ್. ಕಾರುಗಳು ಅಲ್ಲಿ ತಿರುಗಿಸಲು ಹೋಗಿ ಲಾರಿಗಳಿಗೆ ಅಡ್ಡ ಬರುತ್ತಿದ್ದವು. ಹೆದ್ದಾರಿ ನೋಡಿಕೊಳ್ಳುವ ಕಚೇರಿ ಅದನ್ನು ಮುಚ್ಚಬೇಕೆಂದಿತ್ತು. ಮುಚ್ಚುವ ಮೊದಲು ಎಷ್ಟು ಜನ ನಡೆದು ದಾಟುತ್ತಾರೆ ಎಂಬ ಲೆಕ್ಕ ಬೇಕಿತ್ತು. ಕಡಿಮೆಯಾದರೆ ಮುಚ್ಚಿ, ದಾಟುವವರನ್ನು ದಕ್ಷಿಣಕ್ಕೆ ಸುಮಾರು ಒಂದು ಕಿಲೋಮೀಟರ್ ದೂರದ ಅಂಡರ್‌ಪಾಸಿಗೆ ಕಳಿಸುವುದು ಅವರ ಯೋಜನೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ನನಗೆ ಕಂಡಿರಲಿಲ್ಲ. ಈಗಲೂ ಕಾಣುವುದಿಲ್ಲ.

ಎಣಿಕೆಗೆ ಮೂರು ದಿನ, ಬೆಳಿಗ್ಗೆ ನಾಲ್ಕು ತಾಸು, ಸಂಜೆ ಮೂರು ತಾಸು. ಚಾದ ಅಂಗಡಿಯ ತಗಡಿನ ಮಾಡಿನ ಕೆಳಗೆ ಒಂದು ಸ್ಟೂಲು ಹಾಕಿಕೊಂಡು ಕುಳಿತೆ. ಹಾಳೆಯಲ್ಲಿ ಹದಿನೈದು ನಿಮಿಷಕ್ಕೊಂದು ಚೌಕ. ಪಡುವಿನಿಂದ ಮೂಡಕ್ಕೆ ಹೋದವರಿಗೆ ಒಂದು ಕಂಬ ಸಾಲು, ಮೂಡದಿಂದ ಪಡುವಿಗೆ ಬಂದವರಿಗೆ ಇನ್ನೊಂದು, ತಲೆ ಮೇಲೆ ಹೊರೆ ಇದ್ದರೆ ಮೂರನೆಯದು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವುದು. ಮಳೆಯ ಹನಿಗೆ ಶಾಯಿ ಹರಡುತ್ತದೆಂದು ಪೆನ್ಸಿಲು. ಮೊದಲ ದಿನ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಅದನ್ನು ಷರಾ ಎಂದು ಬರೆದೆ. ಹವಾಮಾನವನ್ನೂ ಬರೆದೆ. ಹೊರೆಯ ಸಾಲು ಮೂರು ದಿನವೂ ಹೆಚ್ಚುಕಡಿಮೆ ಖಾಲಿಯೇ ಉಳಿಯಿತು. ಮೂರು ದಿನದ ಗೀಟುಗಳನ್ನು ಒಟ್ಟು ಮಾಡಿದರೆ ಒಂದು ಹಾಳೆ ತುಂಬುತ್ತಿರಲಿಲ್ಲ.

ವರದಿ ಚೊಕ್ಕವಾಗಿತ್ತು. ಕೊನೆಯ ಪುಟದಲ್ಲಿ ನನ್ನ ಸಹಿ. ಆಗಸ್ಟಿನಲ್ಲಿ ಓಪನಿಂಗಿನ ಜಾಗಕ್ಕೆ ಸೊಂಟದೆತ್ತರದ ಕಾಂಕ್ರೀಟ್ ದಿಮ್ಮಿಗಳು ಬಂದು ಕುಳಿತವು.

ಸೆಪ್ಟೆಂಬರಿನಲ್ಲಿ ಬೇರೊಂದು ಕೆಲಸಕ್ಕೆ ಬೈಂದೂರಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ಪೇಟೆಯಲ್ಲಿ ಡ್ರೈವರ್ ಬ್ರೇಕ್ ಹಾಕಿ ಬೈದ. ತಲೆ ಎತ್ತಿ ನೋಡಿದರೆ ಡಿವೈಡರಿನ ಮೇಲೆ ಹೆಂಗಸರ ಸಾಲು. ಒಬ್ಬರು ಸೀರೆ ಎತ್ತಿ ಕಟ್ಟಿ ದಿಮ್ಮಿ ಹತ್ತಿ ಕುಳಿತಿದ್ದಾರೆ. ಈಚೆಯಿಂದ ಮತ್ತೊಬ್ಬರು ಬುಟ್ಟಿ ಎತ್ತಿ ಅವರ ಮಡಿಲಿಗೆ ಕೊಡುತ್ತಾರೆ. ಅವರು ಆಚೆ ನಿಂತವರ ತಲೆಗೆ ದಾಟಿಸುತ್ತಾರೆ. ಹಾಗೆ ಒಂದಾದ ಮೇಲೊಂದು ಬುಟ್ಟಿ. ಕೆಳಗೆ ಸುರಿದ ಮೀನಿನ ನೀರಿನಲ್ಲಿ ಕಾಲಿಡುವ ಜಾಗವೆಲ್ಲ ಜಾರು. ಎರಡೂ ಬದಿ ಲಾರಿಗಳು. ನಾನು ಅಲ್ಲೇ ಇಳಿದುಬಿಟ್ಟೆ. ಯಾಕೆ ಇಳಿದೆನೆಂದು ಕೇಳಿದರೆ, ಬುಟ್ಟಿಗಳನ್ನು ಎಣಿಸಲು ಎಂದೇ ಹೇಳಬೇಕು. ಅಭ್ಯಾಸ.

ಆಚೆ ಬದಿಗೆ ಹೋಗುವಷ್ಟರಲ್ಲಿ ಅವರಲ್ಲಿ ಹಿರಿಯರು ನನ್ನನ್ನು ಗುರುತು ಹಿಡಿದರು. ಉಳಿದವರು ಅವರನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

"ಹ್ವಾಯ್ ಮಾಷ್ಟ್ರೇ, ಇವತ್ತ್ ಎಂತ ಎಣ್ಸುಕೆ ಬಂದದ್? ಕಲ್ಲಾ?"

"ನಾನು ಮಾಷ್ಟ್ರಲ್ಲ ಅಕ್ಕ."

"ಪುಸ್ತಕ ಹಿಡ್ಕಂಡ್ ಕೂಕಂಡಿದ್ರಿ, ಮಳೇಲಿ. ಮತ್ತೆಂತ ಹೇಳುದ್? ನೀವ್ ಎಣ್ಸಿ ಹ್ವಾದ್ರಿ, ಹಿಂದಿಂದ ಈ ಕಲ್ಲ್ ಬಂತ್."

ಇನ್ನೊಬ್ಬರು ನಕ್ಕರು. "ಬೋಟ್ ಮೇಲಿಪ್ಪತಿಗೆ ಎಣ್ಸ್ರೆ ಯಾರ್ ಸಿಕ್ಕುದ್? ಕಾಗೆ ಸಿಕ್ಕುದ್."

ಆ ಒಂದು ವಾಕ್ಯ ಕೇಳಿದಾಗ ಆದದ್ದನ್ನು ವಿವರಿಸುವುದು ಕಷ್ಟ. ಕರಾವಳಿಯಲ್ಲಿ ಹುಟ್ಟಿ ಬೆಳೆದವನು ನಾನು. ಜೂನ್, ಜುಲೈ ಬೋಟು ಇಳಿಯುವುದಿಲ್ಲವೆಂದು ನನ್ನ ಅಮ್ಮನ ಅಡುಗೆಮನೆಗೂ ಗೊತ್ತು. ಆ ಎರಡು ತಿಂಗಳಲ್ಲಿ ಮೀನಿನ ಬುಟ್ಟಿ ಹೊತ್ತವರು ರಸ್ತೆ ದಾಟುತ್ತಾರೆಯೇ ಎಂದು ಎಣಿಸಲು ಹೋಗಿ, ಯಾರೂ ದಾಟುವುದಿಲ್ಲ ಎಂದು ಬರೆದು ಸಹಿ ಹಾಕಿದ್ದೆ. ನನ್ನ ಹಾಳೆಯಲ್ಲಿ ಮಳೆಗೆ ಜಾಗವಿತ್ತು, ರಜೆಗೆ ಜಾಗವಿತ್ತು. ಮೀನಿಗೆ ಇರಲಿಲ್ಲ.

"ನಾ ನಿಮ್ಗೆ ಹೇಳಿದ್ದೆ," ಎಂದರು ದೊಡ್ಡಕ್ಕ. "ಬೋಟ್ ಇಳೀಲಿ, ಆಗಳ್ ಬಂದ್ ಎಣ್ಸಿ ಅಂದ್."

"ನೀವು ಹೇಳಿದ್ದಿಲ್ಲ ಅಕ್ಕ."

"ಹೇಳಿದ್ದೆ ಮಾರಾಯ್ರೆ. ನಂಗೇನ್ ಮರೆವಾ?"

ಕುಂದಾಪುರದ ಬಸ್ಸು ಬಂತು. ಹೊಸ ನಿಲ್ದಾಣ ಅಂಡರ್‌ಪಾಸಿನ ಹತ್ತಿರವಿದ್ದರೂ ಸರ್ವಿಸ್ ಬಸ್ಸಿನವರು ಹಳೆಯ ಜಾಗದಲ್ಲೇ ನಿಲ್ಲಿಸುತ್ತಿದ್ದರು. ಕಂಡಕ್ಟರನನ್ನು ಕೇಳಿದಾಗ ಅವನು ಬುಟ್ಟಿಗಳನ್ನು ಹಿಂದಿನ ಬಾಗಿಲಿಗೆ ಎತ್ತುತ್ತಲೇ ಹೇಳಿದ: "ಅವ್ರ್ ಇದ್ದಲ್ ನಾನ್ ನಿಲ್ಸುದ್. ಎಕ್ಸ್‌ಪ್ರೆಸ್ಸ್‌ನವ್ರ್ ಮೀನ್ ಹತ್ಸ್‌ಕಂತ್ರಾ? ಇಲ್ಲ. ನಾನೂ ಬಿಟ್ಟ್ ಹ್ವಾದ್ರೆ ಇವ್ರ್ ಮೀನ್ ಮಾರುಕೆ ಕೋಟೇಶ್ವರಕ್ಕೆ ನಡ್ಕಂಡ್ ಹೋಯ್ಕಾ?"

ಆ ಬಸ್ಸು ಹೋದ ಮೇಲೆ ನಾನು ಬೈಂದೂರಿಗೆ ಹೋಗಲಿಲ್ಲ. ತಿರುಗಿ ಬ್ರಹ್ಮಾವರಕ್ಕೆ ಬಂದು ಕಚೇರಿಯ ಯಜಮಾನರ ಮುಂದೆ ಕುಳಿತೆ. ಎಣಿಕೆ ತಪ್ಪು, ಮತ್ತೊಮ್ಮೆ ಮಾಡಬೇಕು ಎಂದೆ.

"ತಪ್ಪಲ್ಲ ಅದ್," ಎಂದರು. "ಎಣ್ಸು ಅಂದ್ರ್, ನೀ ಎಣ್ಸಿದೆ. ಆ ಮೂರ್ ದಿನ ಇದ್ದದ್ ಅಷ್ಟೇ ಜನ ಅಲ್ದಾ?"

"ಆ ಮೂರು ದಿನ ಹೌದು."

"ಹಂಗಾರೆ ಮುಗೀತ್. ಕೆಲ್ಸ ಮುಗ್ದಿತ್ತ್, ಫೈಲ್ ಮುಚ್ಚಿತ್ತ್. ನೀ ಎಂತಕೆ ಕೆದ್ರುದ್ ಮಾರಾಯ?"

ಅವರ ತರ್ಕ ಬಿಗಿಯಾಗಿತ್ತು. ಎಣಿಕೆ ನಿಜವಾಗಿಯೂ ಸರಿ, ವರದಿ ಸುಳ್ಳು. ಇಷ್ಟು ನಿಖರವಾದ ಸುಳ್ಳನ್ನು ನಾನು ಅದಕ್ಕೆ ಮೊದಲು ಹೇಳಿರಲಿಲ್ಲ. ಮರು ಎಣಿಕೆಗೆ ಅವರು ಒಪ್ಪಲಿಲ್ಲ. ನಾನೇ ರಜೆ ಹಾಕಿ ಹೋಗಿ ಎಣಿಸುತ್ತೇನೆ ಎಂದೆ. ಹೋಗು, ಕಚೇರಿಯ ಹಾಳೆ ಮುಟ್ಟಬೇಡ ಎಂದರು. ಶಾಲೆಯ ಮಕ್ಕಳ ಚೌಕುಳಿ ಪುಸ್ತಕ ಕೊಂಡೆ.

ಮರುವಾರ ಬೆಳಿಗ್ಗೆ ಆರಕ್ಕೆ ಅದೇ ಸ್ಟೂಲಿನಲ್ಲಿ ಕುಳಿತು ಗೀಟು ಎಳೆಯಲು ಶುರು ಮಾಡಿದೆ. ಮೂರನೆಯ ಗೀಟಿಗೆ ಒಬ್ಬರು ಬಂದು ಪುಸ್ತಕ ಮುಚ್ಚಿಸಿದರು. ಬೋಣಿ ಆಗುವ ಮೊದಲು, ಅಂದರೆ ದಿನದ ಮೊದಲ ಮಾರಾಟ ಆಗುವ ಮೊದಲು, ಅವರ ಬುಟ್ಟಿಯನ್ನು ಯಾರೂ ಎಣಿಸಬಾರದು. ಮೀನನ್ನು ಎಣಿಸಬಾರದು, ಹೊತ್ತವರನ್ನೂ ಎಣಿಸಬಾರದು. ನನಗೆ ಇಂಥವುಗಳಲ್ಲಿ ನಂಬಿಕೆಯಿಲ್ಲ. ಹಾಗೆಂದು ಹೇಳಿದೆ ಕೂಡ.

"ನಿಮ್ಗೆ ನಂಬ್ಕಿ ಬ್ಯಾಡ," ಎಂದರು ದೊಡ್ಡಕ್ಕ. "ಮೀನ್ ಮಾರುದ್ ನಾವ್. ಒಂದ್ಸಲ ನೀವ್ ಎಣ್ಸಿದ್ದಕ್ಕೇ ರಸ್ತೆ ಮುಚ್ಚಿ ಹ್ವಾಯ್ತ್. ಇನ್ನೊಂದ್ಸಲ ಎಣ್ಸ್ರೆ ಕಡಲ್ ಮುಚ್ಚತ್ರೋ ಏನೋ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಪಕ್ಕದ ಅಂಗಡಿಯ ಅಟ್ಟದ ಮೇಲೆ ಮರೆಯಲ್ಲಿ ಕುಳಿತು ಎಣಿಸಬಹುದಿತ್ತು. ಎರಡು ದಿನ ಅದೇ ಯೋಚನೆ. ಮರೆಯಲ್ಲಿ ಎಣಿಸಿದರೆ ಅಂಕಿ ಶುದ್ಧವಾಗಿರುತ್ತದೆ ಎಂದೇ ನನಗೆ ಕಲಿಸಿದ್ದು. ಮಾಡಲಿಲ್ಲ. ಅವರನ್ನು ಕೇಳದೆ ಒಮ್ಮೆ ಎಣಿಸಿದ್ದರ ಫಲ ಡಿವೈಡರಿನ ಮೇಲೆ ಸಾಲಾಗಿ ಕುಳಿತಿತ್ತು.

ಉಪಾಯ ಹೇಳಿದ್ದು ಅವರೇ. ಮಾರಿ ಮುಗಿಸಿ ಮಧ್ಯಾಹ್ನ ವಾಪಸಾಗುವಾಗ ಬಸ್ಸು ಪಡುಬದಿಯಲ್ಲೇ ಇಳಿಸುತ್ತದೆ, ರಸ್ತೆ ದಾಟುವ ಪ್ರಶ್ನೆಯಿಲ್ಲ. ಅಷ್ಟೊತ್ತಿಗೆ ಬೋಣಿಯೂ ಆಗಿರುತ್ತದೆ, ಬುಟ್ಟಿಯೂ ಖಾಲಿ. ಆಗ ಒಬ್ಬೊಬ್ಬರೂ ಚಾದ ಅಂಗಡಿಯ ಮುಂದಿನ ಬಕೆಟಿಗೆ ಒಂದೊಂದು ಚಿಪ್ಪು ಹಾಕುವುದು, ಬೆಳಿಗ್ಗೆ ತಲೆ ಮೇಲೆ ಬುಟ್ಟಿ ಹೊತ್ತು ದಾಟಿದ್ದಕ್ಕೆ ಒಂದು. ಕಡಲ ತಡಿಯಲ್ಲಿ ಚಿಪ್ಪಿಗೇನು ಬರ. ನಾನು ಸಂಜೆ ಬಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಒಂದು ವಾರ ಹಾಗೆ ನಡೆಯಿತು. ನನಗೆ ಸಮಾಧಾನವಿರಲಿಲ್ಲ. ಒಬ್ಬರೇ ಎರಡು ಹಾಕಿದರೆ? ದಾರಿಹೋಕ ಮಕ್ಕಳು ಆಟಕ್ಕೆ ಹಾಕಿದರೆ? ಕಂಡಕ್ಟರನನ್ನು ಹಿಡಿದೆ. ಬುಟ್ಟಿಗೆ ಅವನು ಲಗೇಜು ಟಿಕೆಟ್ ಹರಿಯುತ್ತಾನೆ, ಆ ನಿಲ್ದಾಣದಲ್ಲಿ ದಿನಕ್ಕೆಷ್ಟು ಎಂದು ಅವನ ಯಂತ್ರ ಹೇಳುತ್ತದೆ. ಎರಡು ದಿನ ಚಿಪ್ಪು ಟಿಕೆಟಿಗಿಂತ ಕಡಿಮೆಯೇ ಇತ್ತು. ಉಳಿದ ದಿನ ಸರಿಸಮ. ಹೆಚ್ಚು ಯಾವತ್ತೂ ಇರಲಿಲ್ಲ. ಇದನ್ನು ದೊಡ್ಡಕ್ಕನಿಗೆ ಹೇಳಬಾರದಿತ್ತು, ಹೇಳಿದೆ.

"ನಮ್ಮನ್ನ್ ಕಂಡಕ್ಟರ್‌ನ ಹತ್ರ ಕೇಂಡ್ರ್ಯಾ? ಎರಡ್ ದಿನ ನಂಗ್ ಕಾಲ್ ನೋವ್, ಚಾ ಅಂಗಡಿಗ್ ಬರದೆ ಸೀದಾ ಮನಿಗ್ ಹ್ವಾದೆ. ಅದನ್ನೂ ಬರ್ಕಣಿ."

ಬರೆದುಕೊಂಡೆ.

ಆ ವಾರದಲ್ಲೇ ಒಂದು ಬೆಳಿಗ್ಗೆ ಬುಟ್ಟಿ ದಾಟಿಸುತ್ತಿದ್ದವರ ಕಾಲು ಜಾರಿತು. ಬಂಗುಡೆಯೆಲ್ಲ ರಸ್ತೆಗೆ. ಲಾರಿಯೊಂದು ಕಿರುಚಿ ನಿಂತಿತು, ಅದರ ಹಿಂದಿನ ಕಾರು ಪಕ್ಕಕ್ಕೆ ಎಳೆದುಕೊಂಡು ಹೋಗಿ ಮೋರಿಯ ಅಂಚಿನಲ್ಲಿ ನಿಂತಿತು. ಬಿದ್ದವರ ಮುಂಗೈ ಊದಿಕೊಂಡಿತ್ತು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅವರು ಎದ್ದು ಮೊದಲು ನೋಡಿದ್ದು ಮೀನನ್ನು. ಲಾರಿಯ ಚಾಲಕ ಕಿಟಕಿಯಿಂದ ಹೇಳಿದ ಮಾತನ್ನು ನಾನು ಆಮೇಲೆ ಎಷ್ಟು ಅಧಿಕಾರಿಗಳ ಬಾಯಲ್ಲಿ ಸಭ್ಯ ರೂಪದಲ್ಲಿ ಕೇಳಿದೆನೋ: ನಿಮಗೆ ಸ್ವಲ್ಪ ಹೊತ್ತು ನಿಲ್ಲಲಿಕ್ಕೆ ಏನಾಗುತ್ತದೆ?

ಅದೇ ಬೆಳಿಗ್ಗೆ ನಾನೂ ದೊಡ್ಡಕ್ಕನನ್ನು ಅದನ್ನೇ ಕೇಳಿದೆ. ಮೊದಲಿನಿಂದಲೂ ಹೆಂಗಸರು ರಸ್ತೆಯ ಅಂಚಿನಲ್ಲಿ ಕಾಯದೆ ನುಗ್ಗುತ್ತಾರೆ ಎಂಬ ದೂರಿತ್ತು.

"ಮಾಷ್ಟ್ರೇ, ಇಲ್ ಬನಿ," ಎಂದು ಕರೆದು ತುಂಬಿದ ಬುಟ್ಟಿಯ ಒಂದು ಅಂಚು ನನ್ನ ಕೈಗೆ ಕೊಟ್ಟರು. ಇನ್ನೊಂದು ಅಂಚು ಮತ್ತೊಬ್ಬರು ಹಿಡಿದರು. ಎತ್ತಿ ಅವರ ತಲೆಯ ಸಿಂಬಿಯ ಮೇಲೆ ಇಟ್ಟೆವು. ನನ್ನ ಹೆಗಲು ಹಿಡಿದುಕೊಂಡಿತು. "ಕಂಡ್ರ್ಯಾ? ಎತ್ತುಕೆ ಇಬ್ರ್ ಬೇಕ್. ಇಳ್ಸುಕೂ ಒಬ್ರ್ ಬೇಕ್. ಒಂದ್ಸಲ ತಲಿ ಮೇಲ್ ಬಂದ್ರೆ ನಿಂತ್ಕಂಬುಕೆ ಆತಿಲ್ಲ. ನಿಂತ್ರೆ ಕುತ್ಗಿ ಹೋತ್ತ್, ನಡೆದ್ರೆ ಕುತ್ಗಿ ಉಳೀತ್ತ್. ಅದಕ್ಕೇ ನಾವ್ ನಡೆಯುದ್. ನಮ್ಗೆ ಲಾರಿ ಕಾಂತಿಲ್ಲ ಅಂದ್ ಅಲ್ಲ."

ಬುಟ್ಟಿ ಹೊತ್ತು ನಡೆಯುತ್ತಲೇ ಅವರು ತಮ್ಮ ತಾಯಿಯ ಕಾಲದ ಮಾತು ತೆಗೆದರು. "ನನ್ ಅಬ್ಬಿ ನಡ್ಕಂಡೇ ಮೀನ್ ಮಾರ್ತಿದ್ಲ್. ಆಗಳ್ ದಾರಿಯಂಗೆ ಎದೆಮಟ್ಟಕ್ಕೆ ಕಲ್ಲ್ ಇತ್ತ್. ಬುಟ್ಟಿನ ತಲಿಯಿಂದ ಸೀದಾ ಅದ್ರ್ ಮೇಲೆ ಜಾರ್ಸುದ್, ಉಸ್ರ್ ಬಿಡುದ್, ಮತ್ತೆ ಒಬ್ಳೇ ತಲಿಗ್ ತಕಂಬುದ್. ರಸ್ತೆ ದೊಡ್ಡದ್ ಮಾಡುವತಿಗೆ ಎಲ್ಲ ಕಿತ್ ಹಾಕ್ರ್."

ನನ್ನ ಓದಿನಲ್ಲಿ ಪಾದಚಾರಿ ಎಂದರೆ ಎರಡು ಕಾಲು, ಒಂದು ವೇಗ, ಕಾಯುವ ತಾಳ್ಮೆ ಎಷ್ಟು ಸೆಕೆಂಡು ಎಂಬ ಒಂದು ಊಹೆ. ತಲೆಯ ಮೇಲೆ ಭಾರವಿದ್ದವರಿಗೆ ಕಾಯುವುದೆಂದರೆ ಕುತ್ತಿಗೆ ನೋವು ಎಂಬುದು ಯಾವ ಪುಟದಲ್ಲೂ ಇರಲಿಲ್ಲ. ನಾನು ಆ ಪುಟಗಳನ್ನು ನೆಚ್ಚಿಕೊಂಡು ಸಂಬಳ ತೆಗೆದುಕೊಂಡವನು.

ಅಂದು ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾದೀತು, ಚೆನ್ನಾಗಿಯೇ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದೆ. ಈ ಜಾಗದ ಪಾದಚಾರಿ ಎಣಿಕೆಯ ವರದಿಗೆ ಸಹಿ ಹಾಕಿದ ನಾನು ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಎಣಿಕೆ ನಡೆದದ್ದು ಮೀನುಗಾರಿಕೆ ನಿಷೇಧದ ಕಾಲದಲ್ಲಿ. ಆ ವರದಿಯನ್ನು ಆಧರಿಸಿ ಕೈಗೊಂಡ ಕ್ರಮವನ್ನು ಮರುಪರಿಶೀಲಿಸಬೇಕು. ತಪ್ಪು ನನ್ನದು.

ಹೆದ್ದಾರಿಯ ಕಚೇರಿಯ ಟಪಾಲು ನೋಡುವವರು ಅದನ್ನು ಎರಡು ಸಲ ಓದಿದರು. "ವರದಿ ಕೊಡ್ಲಿಕ್ಕೆ ಉಂಟು. ವಾಪಸ್ ತಕೊಳ್ಳಿಕ್ಕೆ ಇಲ್ಲ ಇವ್ರೇ."

"ಇಲ್ಲ ಅಂತ ಎಲ್ಲಿ ಬರೆದಿದೆ?"

"ಯಾರೂ ತಕೊಳ್ಳುದಿಲ್ಲ."

"ನಾನು ತಗೊಳ್ತೇನೆ. ನೀವು ಸ್ವೀಕೃತಿ ಮುದ್ರೆ ಹಾಕಿ ಕೊಡಿ ಸಾಕು."

ಮಧ್ಯಾಹ್ನದ ಊಟದವರೆಗೆ ಅಲ್ಲೇ ಬೆಂಚಿನ ಮೇಲೆ ಕುಳಿತೆ. ಊಟದ ನಂತರವೂ ಕುಳಿತೆ. ಮೂರೂವರೆಗೆ ಮುದ್ರೆ ಬಿತ್ತು. ಮರುದಿನ ಬ್ರಹ್ಮಾವರದ ಯಜಮಾನರು ಕರೆದು ಇನ್ನೊಂದು ಟೈಪು ಮಾಡಿದ ಪತ್ರ ಮುಂದಿಟ್ಟರು. ಋತುಮಾನದ ಏರಿಳಿತ ಸಹಜ, ವರದಿಯ ತೀರ್ಮಾನ ಬದಲಾಗುವುದಿಲ್ಲ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಮುಂದಿನ ವರ್ಷದ ಗುತ್ತಿಗೆ. ನಾನು ಪತ್ರವನ್ನು ಓದಿ, ಸಹಿ ಹಾಕದೆ, ಅದರ ಹಿಂಬದಿಯಲ್ಲಿ ನನ್ನ ಕೊನೆಯ ತಿಂಗಳ ಪ್ರಯಾಣದ ಖರ್ಚಿನ ವಿವರ ಬರೆದುಕೊಟ್ಟು ಕೆಲಸ ಬಿಟ್ಟು ಬಂದೆ. ಪೌರುಷದ ಮಾತೇನೂ ಆಡಲಿಲ್ಲ. ಆಡಿದ್ದೆ ಎಂದು ಅಲ್ಲಿದ್ದ ಟೈಪಿಸ್ಟ್ ಆಮೇಲೆ ಹೇಳಿದಳು. ಇರಬಹುದು.

ಮುದ್ರೆ ಬಿದ್ದ ಹಾಳೆಗೆ ಉತ್ತರ ಕೊಡಲೇಬೇಕು. ಅಕ್ಟೋಬರಿನಲ್ಲಿ ಕುಂದಾಪುರದಲ್ಲಿ ನಡೆದ ರಸ್ತೆ ಸುರಕ್ಷತೆಯ ಸಭೆಗೆ ನನ್ನನ್ನು ಕರೆದರು. ನಾನು ದೊಡ್ಡಕ್ಕನನ್ನೂ ಕರೆದುಕೊಂಡು ಹೋದೆ. ಅವರು ಚಿಪ್ಪಿನ ಬಕೆಟ್ ಹಿಡಿದುಕೊಂಡು ಬಂದರು. ಬೇಡವೆಂದೆ, ಪುಸ್ತಕ ಸಾಕು ಎಂದೆ. "ನಿಮ್ಮ ಪುಸ್ತಕ ಒಂದ್ಸಲ ಕಂಡಾಯ್ತಲೆ," ಎಂದರು.

ಎಂಜಿನಿಯರ್ ಘಟ್ಟದ ಮೇಲಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನ ವರದಿಯನ್ನು ಎತ್ತಿ ಹಿಡಿದರು.

"ಇದು ನಿಮ್ಮದೇ ಸಹಿ ಅಲ್ವಾ?"

"ಹೌದು."

"ಆವಾಗ ಯಾರೂ ದಾಟಲ್ಲ ಅಂದ್ರಿ. ಈಗ ತುಂಬ ಜನ ದಾಟ್ತಾರೆ ಅಂತೀರಿ. ಯಾವುದನ್ನ ನಂಬಬೇಕು ನಾನು?"

ಒಳ್ಳೆಯ ಪ್ರಶ್ನೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. "ಎರಡನ್ನೂ ನಂಬಬೇಡಿ," ಎಂದೆ. "ಬೆಳಿಗ್ಗೆ ಆರೂವರೆಗೆ ಬಂದು ಅಲ್ಲಿ ನಿಲ್ಲಿ. ಬುಟ್ಟಿ ಒಂದನ್ನು ಎತ್ತಿ ನೋಡಿ. ಆಮೇಲೆ ನಿಮಗೆ ಕಂಡದ್ದನ್ನು ಬರೆಯಿರಿ, ನನ್ನ ಸಹಿ ಬೇಡ."

ಸಭೆಯಲ್ಲಿ ಸ್ವಲ್ಪ ಗದ್ದಲವಾಯಿತು. ಯಾರೋ ಅಂಡರ್‌ಪಾಸಿಗೆ ಹೋಗಲು ಏನು ತೊಂದರೆ ಎಂದರು. ದೊಡ್ಡಕ್ಕ ಬಕೆಟನ್ನು ಮೇಜಿನ ಮೇಲಿಟ್ಟರು. ಒಂದು ವಾರದ ಚಿಪ್ಪು, ಕಡಲ ವಾಸನೆ. ಎಂಜಿನಿಯರ್ ಕುರ್ಚಿ ಹಿಂದಕ್ಕೆ ಸರಿಸಿದರು.

"ಸಾರ್, ಮೂಗ್ ಮುಚ್ಕಂಡ್ ಎಣ್ಸಿ, ಅಡ್ಡಿಲ್ಲ," ಎಂದರು ದೊಡ್ಡಕ್ಕ. "ಒಂದ್ ಚಿಪ್ಪ್ ಅಂದ್ರೆ ಒಬ್ಳ್ ತುಂಬಿದ್ ಬುಟ್ಟಿ ಹೊತ್ಕಂಡ್ ಕಲ್ಲ್ ಹಾರಿದ್ಲ್ ಅಂದ್ ಲೆಕ್ಕ. ಕಿಲೋಮೀಟರ್ ನಡ್ದ್ರೆ ಬಸ್ ತಪ್ಪತ್ತ್. ಬಸ್ ತಪ್ಪ್‌ರೆ ಮೀನ್ ಮೆತ್ತಗಾತ್ತ್. ಮೆತ್ತಗಿನ್ ಮೀನ್ ನೀವ್ ತಕಂತ್ರ್ಯಾ?"

ಎಂಜಿನಿಯರ್ ನಗು ತಡೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ಅಲ್ಲ, ನೀವು ಇದೇ ಊರ ಕಡೆಯವರು. ಎಣಿಸುವಾಗ ಬೋಟ್ ಇಲ್ಲ ಅಂತ ಒಬ್ಬರೂ ನಿಮಗೆ ಹೇಳಲಿಲ್ವಾ?"

"ಇಲ್ಲ," ಎಂದೆ. "ಯಾರೂ ಹೇಳಲಿಲ್ಲ."

ಗಟ್ಟಿಯಾಗಿಯೇ ಹೇಳಿದೆ. ದೊಡ್ಡಕ್ಕ ನನ್ನನ್ನು ನೋಡಿದರು. ಸೆರಗು ಸರಿಮಾಡಿಕೊಂಡರು.

ಎಂಜಿನಿಯರ್ ಬಂದರು, ಅದನ್ನು ಒಪ್ಪಬೇಕು. ಸಭೆಯಾದ ನಾಲ್ಕನೆಯ ದಿನ, ಆರೂವರೆಗೆ ಹತ್ತು ನಿಮಿಷವಿರುವಾಗಲೇ. ಬೋಣಿಯ ವಿಷಯ ಮೊದಲೇ ಹೇಳಿದ್ದೆ, ಆದ್ದರಿಂದ ಕೈಯಲ್ಲಿ ಪೆನ್ನು ಇರಲಿಲ್ಲ. ಬುಟ್ಟಿ ಎತ್ತಲು ಹೋಗಿ ಅರ್ಧಕ್ಕೆ ಬಿಟ್ಟರು, ಬಿಳಿ ಅಂಗಿಯ ಮುಂದೆಲ್ಲ ಮೀನಿನ ನೀರು. "ಮನಿಗ್ ಹ್ವಾದ್ ಮೇಲೆ ಹೆಂಡ್ತಿ ಹತ್ರ ಎಂತ ಹೇಳ್ತ್ರಿ?" ಎಂದು ಹೆಂಗಸರು ಕೇಳಿದರು. ಎಂಜಿನಿಯರ್ ಡಿವೈಡರಿನ ಪಕ್ಕ ಹೋಗಿ ನಿಂತರು. "ನನ್ನ ಡ್ರಾಯಿಂಗಲ್ಲಿ ಬುಟ್ಟಿ ಇಲ್ಲ," ಎಂದರು. ನನಗೋ, ತಮಗೋ ಗೊತ್ತಿಲ್ಲ.

ಎರಡು ದಿಮ್ಮಿಗಳು ಹೋದವು. ವಾಹನ ತಿರುಗದಷ್ಟು, ಇಬ್ಬರು ಒಟ್ಟಿಗೆ ದಾಟುವಷ್ಟು ಸಂದು ಉಳಿಯಿತು. ಎರಡೂ ಬದಿ ರಸ್ತೆಗೆ ಉಬ್ಬು ಪಟ್ಟಿ ಹಾಕಿದರು. ಹಳೆಯ ಬಸ್ ನಿಲ್ದಾಣವನ್ನು ಕಾಗದದ ಮೇಲೂ ಒಪ್ಪಿಕೊಂಡರು. ಇವಕ್ಕೆಲ್ಲ ಡಿಸೆಂಬರಿನವರೆಗೆ ಹಿಡಿಯಿತು. ನಾನು ವಾರಕ್ಕೊಮ್ಮೆ ಆ ಕಚೇರಿಯ ಬೆಂಚಿನಲ್ಲಿ ಕುಳಿತೆ. ದೊಡ್ಡಕ್ಕ ಕೇಳಿದ್ದ, ಅವರ ತಾಯಿಯ ಕಾಲದ್ದರಂಥ ಎದೆಮಟ್ಟದ ಕಟ್ಟೆ ಮಾತ್ರ ಆಗುವುದಿಲ್ಲ ಎಂದರು, ಹೆದ್ದಾರಿ ಕೆಲಸದ ಪಟ್ಟಿಯಲ್ಲಿ ಹೊರೆ ಇಳಿಸುವ ಕಟ್ಟೆ ಎಂಬ ಬಾಬತ್ತೇ ಇಲ್ಲ. ದೊಡ್ಡಕ್ಕ ಅದನ್ನು ಬಿಡಲಿಲ್ಲ. ಸಂದು ಕೊಟ್ಟು ಕಟ್ಟೆ ಕೊಡದಿದ್ದರೆ ನಾವು ಮೊದಲಿನ ಹಾಗೆಯೇ ನುಗ್ಗುತ್ತೇವೆ, ಆಗ ಮತ್ತೆ ಬೈಯಬೇಡಿ ಎಂದರು. ಕೊನೆಗೆ ಎಂಜಿನಿಯರೇ ದಾರಿ ಕಂಡುಹಿಡಿದರು. ಸೂಚನಾ ಫಲಕಕ್ಕೆ ಪೀಠ ಎಂಬ ಬಾಬತ್ತು ಇದೆ. ಪಡುಬದಿಯಲ್ಲಿ ಒಂದು, ನಡುವೆ ಒಂದು, ಮೂಡುಬದಿಯಲ್ಲಿ ಒಂದು ಪೀಠ ಎದ್ದವು. ಎತ್ತರ ಎಷ್ಟು ಎಂದು ದೊಡ್ಡಕ್ಕನನ್ನು ನಿಲ್ಲಿಸಿ ಅಳೆದರು. ಫಲಕ ಇನ್ನೂ ಬಂದಿಲ್ಲ, ಬರುವುದೂ ಇಲ್ಲ.

ಈಗ ಅಲ್ಲಿ ಬೆಳಿಗ್ಗೆ ಹೋಗಿ ನಿಂತರೆ ಕಾಣುತ್ತದೆ. ಬುಟ್ಟಿ ತಲೆಯಿಂದ ಕಟ್ಟೆಗೆ ಜಾರುತ್ತದೆ. ಲಾರಿ ಹೋಗುತ್ತದೆ. ಬುಟ್ಟಿ ಕಟ್ಟೆಯಿಂದ ತಲೆಗೆ ಏರುತ್ತದೆ. ಅಶಿಸ್ತಿನವರೆಂದು ಬರೆಸಿಕೊಂಡಿದ್ದ ಹೆಂಗಸರು ಕಾಯುತ್ತಾರೆ. ಕಾರಿನವರು ಕಾಯುವುದಕ್ಕಿಂತ ಚೆನ್ನಾಗಿಯೇ ಕಾಯುತ್ತಾರೆ.

ಇಷ್ಟಾದ ಮೇಲೂ ಒಂದು ಮಾತು ಉಳಿದಿತ್ತು. ಒಂದು ಮಧ್ಯಾಹ್ನ ಚಾ ಕುಡಿಯುವಾಗ ದೊಡ್ಡಕ್ಕನನ್ನು ಕೇಳಿದೆ. ನೀವು ಎಣಿಕೆಯ ಸಮಯದಲ್ಲೇ ಹೇಳಿದ್ದರೆ, ಸಭೆಯಲ್ಲಿ ನಾನು ಇಲ್ಲ ಎಂದಾಗ ಯಾಕೆ ಸುಮ್ಮನಿದ್ದಿರಿ?

"ಆಗಳ್ ನಾ ಬಾಯ್ ಬಿಟ್ಟಿದ್ರೆ ಅವ್ರ್ ನಿಮ್ಮನ್ನ್ ಹಿಡ್ಕಂತಿದ್ರ್," ಎಂದರು. "ಇವ ಸುಳ್ಳ ಅಂದ್ ಆತಿತ್ತ್. ಕಲ್ಲ್ ಅಲ್ಲೇ ಇರ್ತಿತ್ತ್. ನಂಗ್ ನಿಮ್ಮ್ ಮಾನ ಬೇಕಿತ್ತಾ, ದಾರಿ ಬೇಕಿತ್ತಾ?"

"ಆದ್ರೂ ನೀವು ಹೇಳಿದ್ದು ಆಮೇಲೆ ಅಕ್ಕ. ನನಗೆ ಬುಟ್ಟಿ ಕಾಣುತ್ತೆ."

"ಕಾಂಬುದೆಲ್ಲ ನಿಜ ಅಂದ್ ನಿಮ್ಗ್ ಯಾರ್ ಕಲ್ಸಿದ್ ಮಾಷ್ಟ್ರೇ?"

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ವರದಿಯ ಅನುಬಂಧವಾಗಿ ನನ್ನ ಮೂಲ ಎಣಿಕೆ ಹಾಳೆಗಳು ಆ ಕಚೇರಿಯ ಕಡತದಲ್ಲಿದ್ದವು. ತಿಂಗಳಾಗುವಷ್ಟರಲ್ಲಿ ನಕಲು ಬಂತು. ಎರಡನೆಯ ದಿನದ ಹಾಳೆಯ ಎಡ ಅಂಚಿನಲ್ಲಿ, ಏಳೂಕಾಲರ ಚೌಕದ ಪಕ್ಕ, ಸಣ್ಣ ಅಕ್ಷರದಲ್ಲಿ ಹೀಗಿದೆ: "ಒಣಮೀನಿನ ಚೀಲದ ಹೆಂಗಸು: ಬೋಟು ಇಳಿದ ಮೇಲೆ ಬಂದು ಎಣಿಸಿ ಎಂದರು." ಅದರ ಕೆಳಗೆ, ಅದೇ ಕೈಬರಹದಲ್ಲಿ, ಅಡಿಗೆರೆ ಎಳೆದು, "ಅಪ್ರಸ್ತುತ" ಎಂದು ಬರೆದಿದೆ. ಕೈಬರಹ ನನ್ನದು.